ಅವ್ವನ ಉಸಿರಿಗೆ ಕಾವಲು

ಮಧ್ಯಾಹ್ನ ಎರಡು ನಲವತ್ತಕ್ಕೆ ಕರೆಂಟು ಹೋಯಿತು. ಜನರೇಟರ್ ಶುರುವಾಗಲಿಲ್ಲ. ತೊಂಬತ್ತರ ದಶಕದ ಮಾತು. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್. ಕಮಲಾಪುರದ ಹೆಣ್ಣುಮಗಳೊಬ್ಬಳು ವೆಂಟಿಲೇಟರ್ ಮೇಲಿದ್ದಳು. ಅದು ನಿಂತಿತು. ಕೊಳವೆಗೆ ರಬ್ಬರ್ ಚೀಲ ಜೋಡಿಸಿ ಕೈಯಿಂದ ಒತ್ತತೊಡಗಿದೆ. ಒತ್ತಿದರೆ ಉಸಿರು, ಬಿಟ್ಟರೆ ಇಲ್ಲ. ಮಾನಿಟರ್ ಕಪ್ಪಾಗಿತ್ತು.

ಗದ್ದಲದಲ್ಲಿ ಬಾಗಿಲು ಕಾಯುವವರು ಇರಲಿಲ್ಲ. ಆಕೆಯ ಎಂಟೊಂಬತ್ತು ವರ್ಷದ ಮಗಳು ಒಳಗೆ ಬಂದು ಹಾಸಿಗೆಯ ಬಳಿ ನಿಂತಿದ್ದಳು. ಇನ್ನೊಬ್ಬ ರೋಗಿಯ ಕಡೆ ಓಡುತ್ತಿದ್ದ ಡಾಕ್ಟರು, ಅವಳನ್ನು ಹೊರಗೆ ಕಳಿಸಲೂ ಪುರುಸೊತ್ತಿಲ್ಲದೆ, "ಏ ತಂಗಿ, ಅವ್ವನ ಎದಿ ನೋಡ್ಕೋತ ನಿಂದ್ರು. ಏಳೋದು ನಿಂತ್ರ ಚೀರು," ಅಂದು ಹೋದರು. ಕರೆಂಟು ಬರುವ ತನಕ ಅವಳು ಕದಲಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ನನ್ನ ಬೆರಳು ಒತ್ತುತ್ತವೆ, ಎದೆ ಏಳುತ್ತದೆ. ಮುಂದಿನದು ಏಳುತ್ತದೋ ಇಲ್ಲವೋ ಎಂದು ಕಾಯುತ್ತೇನೆ.

ತಾಯಿ ಬದುಕಿ ಮನೆಗೆ ಹೋದಳು. ನನ್ನ ನಿದ್ದೆ ಹೋಯಿತು. ಜೇವರ್ಗಿ ಕಾಲೋನಿಯ ಮನೆಯಲ್ಲಿ ಮಲಗಿದ ಗಂಡನ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದೆ. ಒಮ್ಮೆ ಅವರು ಕಣ್ಣು ತೆರೆಯದೆ, "ಅದೀನಿ, ಅದೀನಿ. ಮಕ್ಕೊ ಇನ್ನ," ಅಂದರು.

ಅದೇ ವರ್ಷ ಆಸ್ಪತ್ರೆಯಲ್ಲಿ ಮಕ್ಕಳ ಮನೋರೋಗ ವಿಭಾಗವೆಂದು ಎರಡು ಕೋಣೆ ತೆರೆದರು. ಕೇಳಿಕೊಂಡು ಅಲ್ಲಿಗೆ ಹೋದೆ.

"ಐಸಿಯು ಬಿಟ್ಟು ಹುಡುಗುರ ಜೋಡಿ ಆಟ ಆಡ್ಲಾಕ ಹೊಂಟಿ ಏನ?" ಜೊತೆಯ ಸಿಸ್ಟರ್ ಕೆಣಕಿದಳು.

"ಆಟದಾಗ ಸೋತ್ರ ಯಾರೂ ಸಾಯಂಗಿಲ್ಲಲ್ಲ," ಅಂದೆ.

ಅಲ್ಲಿ ನನ್ನ ಕೈಗೆ ಕೆಲಸವೇ ಇರಲಿಲ್ಲ. ಮಗು ಅತ್ತರೆ ಕೈ ತಾನಾಗಿ ಅದರ ನಾಡಿಗೆ ಹೋಗುತ್ತಿತ್ತು. "ಸಿಸ್ಟರ್, ಕೆಳಗ ಕೂಡ್ರಿ. ಇಲ್ಲಿ ಕೂಡೋದೇ ಕೆಲಸ," ಎಂದು ಡಾಕ್ಟರ್ ಮೇಡಂ ದಿನಾ ಹೇಳಬೇಕಾಗುತ್ತಿತ್ತು.

ಕೆಲವು ತಿಂಗಳಲ್ಲಿ ಆ ಕಮಲಾಪುರದ ಹುಡುಗಿಯೇ ಬಂದಳು, ಸೊರಗಿ ಅರ್ಧವಾಗಿ. ಕರೆತಂದವಳು ಸೋದರತ್ತೆ.

"ರಾತ್ರಿ ಮಕ್ಕೊಳ್ಳಂಗೇ ಇಲ್ರಿ. ಅವರವ್ವನ ಬಾಜೂಕ ಕುಂತೇ ಇರ್ತದ. ಮೊನ್ನಿ ಹಗಲೊತ್ತು ತೂಕಡಿಸಿ ಮಾಳಗಿ ಮ್ಯಾಲಿಂದ ಬೀಳ್ತಿತ್ರಿ, ಲಂಗಾ ಹಿಡದು ಜಗ್ಗೀನಿ. ಹಿಂಗೇ ಆದ್ರ ಇದು ಉಳಿಯಂಗಿಲ್ಲ."

ಎಷ್ಟೋ ಸಲ ಬಂದರೂ ಹುಡುಗಿ ಬಾಯಿ ಬಿಡಲಿಲ್ಲ. ಒಂದು ದಿನ ಪಾಳಿ ಬದಲಾಗುವಾಗ ನಾನು ಮುಂದಿನ ಸಿಸ್ಟರ್‌ಗೆ ಚಾರ್ಜ್ ಕೊಡುವುದನ್ನು ನೋಡುತ್ತ ಕೂತಿದ್ದಳು. ಯಾವ ಮಗು ಉಂಡಿದೆ, ಯಾವುದಕ್ಕೆ ಜ್ವರ ಎಂದೆಲ್ಲ ಹೇಳಿ, ಆಕೆ "ತಗೊಂಡೆ" ಅಂದ ಮೇಲೆಯೇ ನಾವು ಹೊರಡುವುದು.

"ಅವರು ಬರ್ಲಿಲ್ಲಂದ್ರ?" ಹುಡುಗಿ ಕೇಳಿದಳು.

"ಬರೋತನಕ ನಾ ಹೋಗಂಗಿಲ್ಲ."

"ನನ್ನ ಬದ್ಲಿ ಯಾರೂ ಬಂದೇ ಇಲ್ಲ," ಅಂದಳು.

ಐಸಿಯುನಲ್ಲಿ ಆ ದಿನ ಡಾಕ್ಟರು ಅವಳಿಗೆ ಹೇಳಿದ್ದನ್ನೂ ಈ ಮಾತನ್ನೂ ಮೇಡಂಗೆ ಹೇಳಿದೆ. "ಹಂಗಾದ್ರ ಆಕಿ ಡ್ಯೂಟಿ ಬಿಡಸ್ರಿ. ನೀವಲ್ಲ ಮತ್ತ, ಮನಿಯವರು ತಗೋಬೇಕು," ಅಂದರು.

ಶನಿವಾರ ಹುಡುಗಿ, ಅತ್ತೆಯ ಜೊತೆಗೇ ಕಮಲಾಪುರದ ಬಸ್ಸು ಹತ್ತಿದೆ. ಮಹಾಗಾಂವ ದಾಟುವಾಗ ನನ್ನ ತೋಳಿಗೆ ಒರಗಿದ ಹುಡುಗಿ ಬೆಚ್ಚಿ ನೆಟ್ಟಗೆ ಕೂತಳು. ಮನೆಯಲ್ಲಿ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ.

"ನಾ ತಗೋತೀನಿ," ಅಂದಳು ಅತ್ತೆ.

"ನೀ ಗೊರಕಿ ಹೊಡೀತಿ," ಅಂದಳು ಹುಡುಗಿ.

"ನೋಡ್ರಿ ಇದರ ಬಾಯಿ! ಇಷ್ಟ್ ದಿನ ಮೂಕಿ ಆಗಿತ್ತು."

ತಾಯಿ ಮೊರ ಕೆಳಗಿಟ್ಟಳು. "ಇಲ್ಲಿ ಕೊಡವ್ವಾ. ಉಸಿರು ನಂದು. ನಾನೇ ನೋಡ್ಕೋತೀನಿ."

ಮಗಳು ನನ್ನ ಮುಖ ನೋಡಿದಳು. ತಲೆಯಾಡಿಸಿದೆ. ಅವಳು ಕೈಕಟ್ಟಿ ನಿಂತು, "ಎದಿ ಏಳ್ಲಾಕತ್ತದ. ಕೆಮ್ಮು ಒಂದೀಟು ಅದ. ಮುಂಜಾನಿ ಗುಳಿಗಿ ತಗೊಂಡದ," ಅಂದಳು.

"ತಗೊಂಡೆ," ಅಂದಳು ತಾಯಿ.

ಒಂದೇ ದಿನಕ್ಕೆ ಆಗಲಿಲ್ಲ. ದಿನಾ ಸಂಜೆ ಚಾರ್ಜ್ ಕೊಟ್ಟು ಮಲಗಿದರೂ ನಡುವೆ ಎದ್ದು, "ನೋಡ್ಲಾಕತ್ತೀ?" ಎಂದು ಕೇಳುತ್ತಿದ್ದಳಂತೆ. "ಹೂಂ, ಮಕ್ಕೊ," ಎಂದು ತಾಯಿ ಹೇಳಬೇಕು.

ಎಳ್ಳಮಾಸಿ ಹಬ್ಬದ ಮರುದಿನ ಅತ್ತೆ ಒಬ್ಬಳೇ ಬಂದಳು. ಬಾಗಿಲಿಗೇ ಹೋದೆ.

"ಎಲ್ಲಿ ಆಕಿ?"

"ಮಕ್ಕೊಂಡದ್ರಿ. ನಿನ್ನಿ ಹೊಲಕ್ಕ ಹೋಗಿ ಭಜ್ಜಿ ರೊಟ್ಟಿ ಹೊಟ್ಟಿ ತುಂಬ ಉಂಡು ಬಿದ್ದದ್ದು, ರಾತ್ರಿ ಒಮ್ಮೀನೂ ಎದ್ದಿಲ್ಲ. ಮುಂಜಾನಿ ಸಾಲಿ ಗಂಟಿ ಹೊಡದ್ರೂ ಎದ್ದಿಲ್ಲ. ಎಬ್ಬಿಸಬ್ಯಾಡ್ರಿ ಅಂದ್ಲು ಅವರವ್ವ. ಅಂದಾಕಿ ತಾನೂ ಬಾಜೂಕ ಮಕ್ಕೊಂಡ್ಲು."