ಮಾಸ್ತರರ ನೆತ್ತಿಗೆ ಎಣ್ಣೆ

ಪ್ರಭಾಕರ ಮಾಸ್ತರರ ತಲೆ ಪೂರ್ತಿ ಬೋಳು. ಆದರೂ ಅವರ ಕೈಚೀಲದಲ್ಲಿ ಬೈಬಲಿನ ಪಕ್ಕ ತೆಂಗಿನೆಣ್ಣೆಯ ಸಣ್ಣ ಬಾಟಲಿ ಸದಾ ಇರುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಇಲ್ಲದ ಆದಿತ್ಯವಾರ ಲೋಕಲ್ ರೈಲು ಹಿಡಿದು, ಮಾಟುಂಗದಲ್ಲಿ ಅವರು ನಡೆಸುತ್ತಿದ್ದ ಕನ್ನಡ ಬೈಬಲ್ ಕ್ಲಾಸಿಗೆ ಹೋಗುತ್ತಿದ್ದೆ. ಉಡುಪಿ ಕಡೆಯಿಂದ ಬಂದ ಒಂಟಿ ಜೀವ ಅವರು. ವಾರವಿಡೀ ಕಾಯುತ್ತಿದ್ದುದು ಆ ಕ್ಲಾಸಿಗಾಗಿ.

“ಮೆಸ್ಸೀಯ ಅಂದ್ರೆ ಎಂತ? ತಲೆಗೆ ಎಣ್ಣೆ ಹೊಯ್ಯಿಸಿಕೊಂಡವ, ಅಭಿಷಿಕ್ತ,” ಎಂದು ಬಾಟಲಿ ಎತ್ತಿ ತೋರಿಸುತ್ತಿದ್ದರು. “ಪ್ರವಾದಿ ಸಾಮುವೇಲ ದಾವೀದನಿಗೆ ಹೊಯ್ದು ಅರಸ ಮಾಡಿದ. ಯೆಹೂದ್ಯರ ಹಳೇ ಬರಹಗಳಲ್ಲಿ ಅಂಥವ ಒಬ್ನೇ ಅಲ್ಲ ಮಾರಾಯ್ರೇ. ಕೆಲವರು ಒಬ್ಬ ಅರಸ, ಒಬ್ಬ ಯಾಜಕ, ಇಬ್ರಿಗೂ ಕಾದಿದ್ರು. ನಮ್ಮವರು ಇಬ್ರನ್ನೂ ಯೇಸುವಿನಲ್ಲೇ ಕಂಡ್ರು.”

ಒಂದು ದಿನ, ಯೆಹೂದ್ಯನೇ ಅಲ್ಲದ ಪಾರಸಿಯ, ಅಂದರೆ ಪರ್ಷಿಯಾದ, ಅರಸ ಕೋರೆಷನನ್ನೂ ದೇವರು ಅಭಿಷಿಕ್ತನೆಂದು ಕರೆದಿದ್ದಾನೆ ಎಂದರು. ನಮ್ಮ ಚರ್ಚಿನ ಸಭೆಯ ಹಿರಿಯ ಸಾಮುವೇಲರು ಪಾರ್ಸಿ ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್. ಎದ್ದು ನಿಂತರು.

“ಪಾರ್ಸಿಯಾ? ಹಾಗಾದ್ರೆ ನಮ್ಮ ಆಫೀಸಿನ ಧಣಿ ಬಾವಾಜಿಯೂ ಮೆಸ್ಸೀಯನಾ ಮಾಸ್ಟ್ರೇ?”

“ಬೋನಸ್ ಕೊಟ್ರೆ ನೀವೇ ಹಾಗೆ ಕರೀತೀರಿ!”

ಕ್ಲಾಸೆಲ್ಲ ನಕ್ಕಿತು. ಸಾಮುವೇಲರು ನಗಲಿಲ್ಲ. ಕೋರೆಷನ ಮಾತು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಕ್ಲಾಸ್ ಇಲ್ಲವೆಂದು ಸಭೆಯಿಂದ ಹೇಳಿಸಿದರು.

“ತಮಾಷೆ ಮಾಡಿದ್ದಕ್ಕೆ ಕ್ಷಮೆ ಕೇಳ್ತೇನೆ,” ಎಂದರು ಮಾಸ್ತರರು ನನ್ನ ಬಳಿ. “ಆದ್ರೆ ಬೈಬಲಲ್ಲಿ ಇದ್ದದ್ದನ್ನು ಒರೆಸ್ಲಿಕ್ಕೆ ಆಗ್ತದಾ ಸಿಸ್ಟರ್?” ಆಮೇಲೂ ಪ್ರತಿ ಆದಿತ್ಯವಾರ ಆರಾಧನೆಗೆ ಅದೇ ಚೀಲ ಹಿಡಿದು ಬಂದು, ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದರು.

ಮರುವರ್ಷ ಟೈಫಾಯ್ಡ್ ಹಿಡಿದು ನಮ್ಮ ವಾರ್ಡಿಗೇ ಬಂದರು. ಸಾಮುವೇಲರು ನೋಡಲು ಬಂದ ಸಂಜೆ, ನೆತ್ತಿ ಉರೀತದೆ ಎಂದ ಮಾಸ್ತರರಿಗೆ ನಾನು ಎಣ್ಣೆ ಹಚ್ಚಲು ಹೊರಟಿದ್ದೆ. ಇನ್ನೊಂದು ಹಾಸಿಗೆಯಿಂದ ಕರೆ ಬಂತು. ಬಾಟಲಿಯನ್ನು ಸಾಮುವೇಲರ ಕೈಗಿತ್ತೆ. ಅಭ್ಯಾಸವಿಲ್ಲದ ಕೈ, ಒಮ್ಮೆಗೇ ಹೊಯ್ದುಬಿಟ್ಟರು.

ಎಣ್ಣೆ ಕಿವಿಗಿಳಿದಾಗ ಮಾಸ್ತರರು ಕಣ್ಣು ತೆರೆದರು. “ಹೊಯ್ದದ್ದು ಸಾಮುವೇಲರಾ? ಹಾಗಾದ್ರೆ ನನಗಿನ್ನು ರಾಜ್ಯ ಕೊಡ್ಬೇಕು.”

ಸಾಮುವೇಲರು ತಡೆದುಕೊಳ್ಳಲಾಗದೆ ನಕ್ಕರು. “ರಾಜ್ಯ ಎಲ್ಲಿಂದ ತರ್ಲಿ? ಆದಿತ್ಯವಾರದ ಕ್ಲಾಸ್ ಉಂಟು, ತಕೊಳ್ಳಿ.”

“ಕೋರೆಷನ ಸಮೇತವಾ?”

“ಸಮೇತ ಮಾರಾಯ್ರೇ. ಮೊದ್ಲು ಗುಣ ಆಗಿ.”

ಆದಿತ್ಯವಾರಕ್ಕೆ ಮುಂಚೆಯೇ ಮಾಸ್ತರರು ತೀರಿಕೊಂಡರು. ಕಲೆಯಾದ ದಿಂಬಿನ ಚೀಲವನ್ನು ಕೂಡಲೇ ಬದಲಿಸಬೇಕೆಂಬುದು ವಾರ್ಡಿನ ನಿಯಮ, ನಾನು ಎಂದೂ ತಪ್ಪಿಸಿದವಳಲ್ಲ. ಸಾಮುವೇಲರು ಎಣ್ಣೆ ಹೊಯ್ದ ಆ ಸಂಜೆ ಮಾತ್ರ ಮುಟ್ಟಲಿಲ್ಲ. ಎಣ್ಣೆ ಸೋರಿದ ದಿಂಬಿನ ಮೇಲೆ ಅವರು ನಗುಮುಖದಲ್ಲೇ ನಿದ್ದೆಹೋಗಿದ್ದರು.