ಮಣಿ ಜಾರಿದ ಬೆರಳು

ಆ ಬೀದಿಯ ಕ್ಷೌರದಂಗಡಿಯವನಿಗೆ ಜನ ಇಟ್ಟ ಹೆಸರು ಹೂಗೈ. ಅವನು ಗಡ್ಡ ಬೋಳಿಸುವಾಗ ಕತ್ತಿ ಕೆನ್ನೆಯ ಮೇಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಷ್ಟೋ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಊದಿದ ಬಲೂನಿಗೆ ಸೋಪಿನ ನೊರೆ ಬಳಿದು, ಅದು ಒಡೆಯದಂತೆ ಕತ್ತಿಯಾಡಿಸಿ, ಅಪ್ಪನ ಬೈಗುಳ ತಿಂದು ಕಲಿತ ಕೈ ಅದು.

ಒಂದು ರಜೆಯ ಮಧ್ಯಾಹ್ನ ಮಗಳು ಮಣಿಗಳ ಡಬ್ಬಿ ತಂದು ಅವನೆದುರು ತಟ್ಟೆಗೆ ಸುರಿದಳು. ಗೆಳತಿಗೊಂದು ಬ್ರೇಸ್‌ಲೆಟ್ ಆಗಬೇಕಿತ್ತು. ಎಲಾಸ್ಟಿಕ್ ದಾರವನ್ನು ತನ್ನ ಮಣಿಕಟ್ಟಿಗೆ ಸುತ್ತಿ ಅಳತೆ ಹಿಡಿದಳು, ಗಂಟಿಗೆಂದು ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿದಳು, ಮಣಿ ಜಾರದ ಹಾಗೆ ಒಂದು ತುದಿಗೆ ಟೇಪು ಅಂಟಿಸಿ, ಇನ್ನೊಂದಕ್ಕೆ ಸೂಜಿ ಪೋಣಿಸಿದಳು.

"ಅಪ್ಪಾ, ಬಿಳೀದು ನೀನು ಹಾಕು, ನೀಲಿ ನಾನು ಹಾಕ್ತೀನಿ."

ಅವನು ಒಂದು ಮಣಿ ಹಿಡಿದ. ಹಿಡಿದೆ ಅಂದುಕೊಂಡ. ಅದು ನೆಲಕ್ಕೆ ಬಿದ್ದು ಉರುಳಿದಾಗಲೇ ಕೈಯಲ್ಲಿಲ್ಲವೆಂದು ತಿಳಿದದ್ದು. ಇನ್ನೊಂದು ಹಿಡಿದ, ಅದೂ ಬಿತ್ತು. ಮಗಳು ನಕ್ಕಳು. ಮುಂದಿನದನ್ನು ಬಿಗಿಯಾಗಿ ಒತ್ತಿ ಹಿಡಿದು ಸೂಜಿಯನ್ನು ತೂರಿಸಿದ.

"ಅಪ್ಪಾ, ರಕ್ತ."

ಸೂಜಿ ತೋರುಬೆರಳಿಗೇ ಇಳಿದಿತ್ತು. ಅವನಿಗೆ ಏನೂ ಗೊತ್ತಾಗಿರಲಿಲ್ಲ.

"ಏನಿಲ್ಲ ಪುಟ್ಟಿ," ಎಂದ. ಕೆಲವು ವಾರಗಳಿಂದ ಕೈ ಜುಮ್ಮೆನ್ನುತ್ತಿತ್ತು. ಅಡ್ಡಾದಿಡ್ಡಿ ಮಲಗಿದ್ದಕ್ಕೆ ಅಂತ ಸುಮ್ಮನಿದ್ದ. ದೊಡ್ಡಪ್ಪನಿಗೆ ಲಕ್ವ ಹೊಡೆದದ್ದೂ ಹೀಗೆಯೇ ಕೈಯಿಂದ ಶುರುವಾಗಿತ್ತು. ಆಮೇಲೆ ಬಾಯಿ ಸೊಟ್ಟಗಾಯಿತು, ಆಮೇಲೆ ಮಾತೇ ನಿಂತಿತು. ಮಗಳೇ ಎಳೆದೆಳೆದು ಗಂಟು ಹಾಕಿಕೊಳ್ಳುವಷ್ಟು ಹೊತ್ತೂ ಅವನು ಗೋಡೆಯ ಕನ್ನಡಿಯಲ್ಲಿ ತನ್ನ ತುಟಿ ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಮರುದಿನ ಅಂಗಡಿಗೆ ಮೊದಲು ಬಂದವರು ರಿಟೈರಾದ ಸ್ಟೇಷನ್ ಮಾಸ್ತರು. ಕಣ್ಣು ಮುಚ್ಚಿ ಕತ್ತು ಮೇಲೆತ್ತಿ ಕೂತರು. ಕೆನ್ನೆ ಹೇಗೋ ಮುಗಿಯಿತು. ಗಂಟಲಿಗೆ ಬಂದಾಗ, ನೊರೆಯ ಕೆಳಗೆ ನರ ಮಿಡಿಯುವುದು ಕಂಡಿತು. ಕತ್ತಿ ಕೈಯಲ್ಲಿದೆಯೆಂದು ಕಣ್ಣು ಹೇಳುತ್ತಿತ್ತು, ಬೆರಳು ಹೇಳುತ್ತಿರಲಿಲ್ಲ.

"ಯಾಕಪ್ಪಾ ನಿಲ್ಲಿಸಿಬಿಟ್ಟೆ?"

ಅವನು ಕತ್ತಿ ಮಡಚಿಟ್ಟು ನೊರೆ ಒರೆಸಿದ. "ಇವತ್ತು ಆಗಲ್ಲ ಮಾಸ್ತರೇ. ಕೈ ಸರಿ ಇಲ್ಲ."

"ಅರ್ಧ ಗಡ್ಡ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ನಾನು?"

"ಎದುರಂಗಡಿಗೆ," ಎಂದ. ಪೈಪೋಟಿಗೆ ತೆರೆದ ಆ ಕ್ಷೌರದಂಗಡಿಯ ಕಡೆ ಅವನು ಅಲ್ಲಿಯವರೆಗೆ ಮುಖ ಎತ್ತಿಯೂ ನೋಡಿದವನಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಕುಸಿದು ಕೂತ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

"ಮೊನ್ನೆ ಸುಡೋ ಲೋಟ ಹಿಡ್ಕೊಂಡು ಆರಾಮಾಗಿ ಕೂತಿದ್ರಲ್ಲ, ಅವತ್ತೇ ಅನುಮಾನ ಬಂತು ನಂಗೆ. ಕೇಳಿದ್ರೆ ಮೈಮೇಲೆ ಬೀಳ್ತೀರಾ ಅಂತ ಸುಮ್ನಿದ್ದೆ."

"ದೊಡ್ಡಪ್ಪನ ಥರ ಆಗ್ಬಿಟ್ರೆ?"

"ಮೊದ್ಲು ಚಪ್ಪಲಿ ಹಾಕ್ಕೊಳ್ಳಿ," ಎಂದಳು. ಹೆಚ್ಚಿದ ತರಕಾರಿಯನ್ನು ಹಾಗೇ ಬಿಟ್ಟು ಎದ್ದಳು.

ಡಾಕ್ಟರು ಅವನ ಮಣಿಕಟ್ಟನ್ನು ಬೆರಳಿನಿಂದ ತಟ್ಟಿದರು, ಕರೆಂಟು ಹೊಡೆದಂತಾಯಿತು. ಲಕ್ವವಲ್ಲ, ವರ್ಷಗಟ್ಟಲೆ ಕತ್ತರಿಯಾಡಿಸಿ ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆ, ಸಣ್ಣದೊಂದು ಆಪರೇಷನ್ ಆಗಬೇಕು ಎಂದರು. ಸ್ಪರ್ಶ ಪೂರ್ತಿ ವಾಪಸಾಗುತ್ತದೆಯೇ ಎಂದರೆ, ನೋಡೋಣ ಎಂದರು. ಆ 'ನೋಡೋಣ' ಅವನ ನಿದ್ದೆ ಕೆಡಿಸಿತು. ಆಪರೇಷನ್ ಮೇಜಿನ ಮೇಲೆ ಮಲಗಿ, "ನಿಮ್ಮ ಕೈ ಸರಿಯಾಗಿದೆ ತಾನೇ ಡಾಕ್ಟ್ರೇ?" ಎಂದು ಕೇಳಿಯೇ ಬಿಟ್ಟ. ನರ್ಸು ನಕ್ಕರೂ ಅವನು ನಗಲಿಲ್ಲ.

ಹೆಬ್ಬೆರಳು, ತೋರುಬೆರಳು ನಿಧಾನಕ್ಕೆ ಜೀವ ಹಿಡಿದವು. ನಡುಬೆರಳು ಮಾತ್ರ ಕಟ್ಟಿಗೆಯಂತೆಯೇ ಉಳಿಯಿತು. ಈಗ ಅವನು ಕೂದಲು ಮಾತ್ರ ಕತ್ತರಿಸುತ್ತಾನೆ. ಗಡ್ಡಕ್ಕೆ ಹೆಂಡತಿಯ ತಮ್ಮ ಬಂದು ನಿಲ್ಲುತ್ತಾನೆ. ಹೂಗೈಗೆ ಸೋಮಾರಿತನ ಬಂತು ಎಂದು ಕೆಲವರು ಆಡಿಕೊಳ್ಳುತ್ತಾರೆ. ಬೆಳಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲು ಅವನು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡುತ್ತಾನೆ. ಗೊತ್ತಾಗುತ್ತದೆ. ಆದರೂ ಮತ್ತೊಮ್ಮೆ ಉಜ್ಜುತ್ತಾನೆ.