ಕತ್ತರಿಸಿ ಹಾಕಿದ ಹನ್ನೊಂದು ನಿಮಿಷ

ಹೋದ ವಾರ ನಮ್ಮ ಶಾಲೆಯ ಲ್ಯಾಬಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಪದೇ ಪದೇ ಆರಿಹೋಗುತ್ತಿತ್ತು. ಪಕ್ಕದ ಮುಚ್ಚಳ ಬಿಚ್ಚಿ ಸ್ವಿಚ್ ಹಾಕಿದೆ. ಎರಡೇ ನಿಮಿಷಕ್ಕೆ ಒಳಗಿನಿಂದ ಕಾದ ಧೂಳಿನ ವಾಸನೆ ಎದ್ದಿತು. ಸುಟ್ಟ ಕೂದಲಿನದೂ ಅಲ್ಲದ, ಬಿಸಿ ತಗಡಿನದೂ ಅಲ್ಲದ ಒಂದು ವಾಸನೆ... ಅದನ್ನು ನಾನು ಮೊದಲು ಮೂಸಿದ್ದು ಆಂಡರ್ಸನ್‌ಪೇಟೆಯ ಒಂದು ಅಂಗಡಿಯಲ್ಲಿ. ಮುಚ್ಚಳ ಹಾಕಿಟ್ಟು ಹೊರಗೆ ಬಂದು ನಿಂತೆ. ಮಕ್ಕಳು ಏನಾಯಿತು ಮಿಸ್ ಎಂದು ಕೇಳಿದರು. ಏನಿಲ್ಲ ಎಂದೆ.

ಆಗ ನಾನು ಉರಿಗಾಂನ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಮನೆ ಬಂಗಾರಪೇಟೆಯಲ್ಲಿ. ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲುಗಾಡಿಯಲ್ಲಿ ಬಂದು ಸಂಜೆ ಅದರಲ್ಲೇ ವಾಪಸಾಗುತ್ತಿದ್ದೆ. ಶಾಲೆಯ ಕಂಪ್ಯೂಟರ್ ರಿಪೇರಿಗೆಂದು ಒಮ್ಮೆ ಆ ಅಂಗಡಿಗೆ ಹೋದವಳು, ಆಮೇಲೆ ರಿಪೇರಿಯಿರಲಿ ಇಲ್ಲದಿರಲಿ ಹೋಗತೊಡಗಿದೆ. ಅಂಗಡಿಯವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ತಂದೆ ಚಿನ್ನದ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಇವರು ಟೀವಿ ರಿಪೇರಿ ಕಲಿತು, ಅಲ್ಲಿಂದ ಕಂಪ್ಯೂಟರಿಗೆ ಬಂದಿದ್ದರು. ಮನೆಮಾತು ತಮಿಳು. ನನ್ನೊಡನೆ ಕನ್ನಡ, ಬೈಯುವಾಗ ತೆಲುಗು.

ನನಗೆ ಕಂಪ್ಯೂಟರ್ ಗೇಮ್ ಆಡುವ ಹುಚ್ಚಿತ್ತು. ಇಪ್ಪತ್ತೆಂಟು ವರ್ಷದ ಹೆಂಗಸು, ಅದರಲ್ಲೂ ಟೀಚರ್, ಕಾರು ಓಡಿಸುವ, ಗುಂಡು ಹೊಡೆಯುವ ಆಟ ಆಡುತ್ತಾಳೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಮದುವೆಯ ಮಾತು ತೆಗೆಯುತ್ತಾರೆ. ಅಣ್ಣ ಎರಡೂ ಮಾಡಲಿಲ್ಲ. "ಯಾವ ಕಾರ್ಡ್ ಹಾಕಿದ್ದೀರಾ ಟೀಚರಮ್ಮ?" ಎಂದು ಮಾತ್ರ ಕೇಳಿದರು.

ಕಾರ್ಡ್ ಅಂದರೆ ಗ್ರಾಫಿಕ್ಸ್ ಕಾರ್ಡ್. ಆಟದ ಚಿತ್ರಗಳನ್ನೆಲ್ಲ ಪರದೆಯ ಮೇಲೆ ಬರೆಯುವುದು ಅದೇ. ಅದು ನಿಧಾನವಾದರೆ ಎಷ್ಟು ಒಳ್ಳೆಯ ಆಟವೂ ತಡವರಿಸುತ್ತದೆ. ಯಾವ ಕಾರ್ಡ್ ಕೊಳ್ಳಬೇಕು ಎಂದು ಕೇಳಿಕೊಂಡು ಅಂಗಡಿಗೆ ಬರುವವರು ಬಹಳ. ಅಣ್ಣ ಬಾಯಿಮಾತಲ್ಲಿ ಉತ್ತರ ಹೇಳುತ್ತಿರಲಿಲ್ಲ. ಎರಡು ಕಾರ್ಡನ್ನೂ ಒಂದಾದ ಮೇಲೊಂದು ಅದೇ ಮಷೀನಿಗೆ ಹಾಕಿ, ಅದೇ ಆಟದ ಅದೇ ರಸ್ತೆಯಲ್ಲಿ ಮೂರು ಮೂರು ಸಲ ಓಡಿಸಿ, ಅಂಕಿಗಳನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅರ್ಧ ಗಂಟೆ ಓಡಿ ಕಾರ್ಡ್ ಕಾಯುವ ತನಕ ಏನೂ ಬರೆಯುತ್ತಿರಲಿಲ್ಲ.

"ಮೊದಲ ಹತ್ತು ನಿಮಿಷ ಎಲ್ಲಾ ಕಾರ್ಡೂ ಹೊಸ ಅಳಿಯ ಇದ್ದಂಗೆ ಟೀಚರಮ್ಮ. ಬಿಸಿಯಾಗಲಿ, ಆವಾಗ ಗುಣ ಗೊತ್ತಾಗುತ್ತೆ."

ಸೆಕೆಂಡಿಗೆ ಸರಾಸರಿ ಎಷ್ಟು ಚಿತ್ರ ಬಂತು ಎಂದು ನಾನು ಕೇಳಿದರೆ ಅವರಿಗೆ ಸಿಟ್ಟು. ತೀರಾ ಕೆಳಗಿಳಿದಾಗ ಎಷ್ಟಿತ್ತು ಅದನ್ನು ನೋಡಿ ಎನ್ನುತ್ತಿದ್ದರು. ಗಾಡಿ ಎಷ್ಟು ಜೋರಾಗಿ ಓಡಿತು ಎಂದಲ್ಲ, ನಡುವೆ ಎಷ್ಟು ಸಲ ನಿಂತಿತು ಎಂದು ಲೆಕ್ಕ ಹಾಕಬೇಕಂತೆ. ಕೊನೆಗೆ ಎಷ್ಟೋ ಜನರನ್ನು "ನಿಮಗೆ ಹಳೇದೇ ಸಾಕು, ಸುಮ್ನೆ ಹೋಗಿ" ಎಂದು ಬರಿಗೈಯಲ್ಲಿ ಕಳಿಸಿಬಿಡುತ್ತಿದ್ದರು.

ಇದನ್ನು ವಿಡಿಯೋ ಮಾಡಿ ಹಾಕೋಣ ಎಂದವಳು ನಾನು. ಕನ್ನಡದಲ್ಲಿ ಇಂಥದ್ದು ಆಗ ಅಷ್ಟಾಗಿ ಇರಲಿಲ್ಲ. ಅಣ್ಣ ನಾಚಿಕೊಂಡರು, ನನ್ನ ಕನ್ನಡ ಕೇಳಿ ಜನ ನಗ್ತಾರೆ ಎಂದರು. ನಗಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಕಡೆಯವರೆಲ್ಲ ಕೆಳಗೆ ಪ್ರಶ್ನೆ ಬರೆಯತೊಡಗಿದರು. ವಿಡಿಯೋದಲ್ಲಿ ಮಾತು ಅವರದು, ಫೋನ್ ಹಿಡಿಯುವುದು, ಕತ್ತರಿಸಿ ಜೋಡಿಸುವುದು ನನ್ನದು. ಅವರು ಒಂದನ್ನೂ ತಿರುಗಿ ನೋಡುತ್ತಿರಲಿಲ್ಲ. "ನಾನು ಹೇಳಿದ್ದು ನನಗೆ ಗೊತ್ತಲ್ಲ" ಎನ್ನುತ್ತಿದ್ದರು.

ವಿಡಿಯೋ ಶುರುವಾದ ಎರಡನೆಯ ವರ್ಷ ಬೆಂಗಳೂರಿನ ಒಬ್ಬ ಡೀಲರ್ ಫೋನ್ ಮಾಡಿದ. ಹೊಸದಾಗಿ ಬಂದ ಒಂದು ಕಾರ್ಡನ್ನು ಹಳೆಯ, ಎಲ್ಲರೂ ಬಳಸುತ್ತಿದ್ದ ಕಾರ್ಡಿನೊಂದಿಗೆ ಹೋಲಿಸಿ ತೋರಿಸಬೇಕೆಂದ. ಕಾರ್ಡಿನ ಜೊತೆಗೆ ಪರೀಕ್ಷೆಗೆಂದು ಒಂದು ಇಡೀ ಹೊಸ ಕಂಪ್ಯೂಟರನ್ನೂ ಕಳಿಸಿದ. ಗಾಜಿನ ಪಕ್ಕ, ಒಳಗೆ ನೀಲಿ ದೀಪ. ಅದನ್ನು ನೋಡುತ್ತ ನಾನು ಚಹಾ ಕುಡಿಯುವುದನ್ನು ಮರೆತಿದ್ದೆ.

ಆ ಹೊಸ ಮಷೀನಿನಲ್ಲಿ ಹೊಸ ಕಾರ್ಡೇ ಗೆದ್ದಿತು. ಅಣ್ಣ ಅದನ್ನು ಹಾಗೇ ಹೇಳಿದರು. ಆಮೇಲೆ ಎದ್ದುಹೋಗಿ ಅಂಗಡಿಯ ಹಳೆಯ ಮಷೀನನ್ನು ಮೇಜಿಗೆ ತಂದಿಟ್ಟರು. "ನಮ್ಮೂರವರ ಹತ್ರ ಇರೋದು ಇದು" ಎಂದು ಎರಡೂ ಕಾರ್ಡನ್ನು ಅದರಲ್ಲಿ ಓಡಿಸಿದರು. ಹೊಸ ಕಾರ್ಡಿಗೂ ಅದನ್ನು ಸಿಕ್ಕಿಸುವ ಮದರ್‌ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿ ಕಿರಿದಂತೆ. ಹೊಸ ಬೋರ್ಡಿನಲ್ಲಿ ವೇಗ ಹೆಚ್ಚಿರುವುದರಿಂದ ಅದು ಗೊತ್ತಾಗದು, ಹಳೆಯ ಬೋರ್ಡಿನಲ್ಲಿ ಕಾರ್ಡಿಗೆ ಉಸಿರು ಕಟ್ಟುತ್ತದೆ. ಆಟ ನಾಲ್ಕು ಹೆಜ್ಜೆಗೊಮ್ಮೆ ಗಕ್ಕನೆ ನಿಲ್ಲುತ್ತಿತ್ತು. ಅಣ್ಣ ಫೋನಿನತ್ತ ತಿರುಗಿ, ಹಳೆ ಬೋರ್ಡ್ ಇರುವವರು ಇದನ್ನು ಕೊಳ್ಳಲೇಬೇಡಿ ಎಂದು ಯಾಕೆ ಏನು ಎಲ್ಲ ಬಿಡಿಸಿ ಹೇಳಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಮಾತಾಡಿರಲಿಲ್ಲ.

ಡೀಲರಿಗೆ ವಿಡಿಯೋ ಕಳಿಸಿದೆ. ಮಾರನೆಯ ದಿನ ಆತ ನಯವಾಗಿಯೇ ಹೇಳಿದ. "ಸ್ವಲ್ಪ ಉದ್ದ ಆಯ್ತು ಮೇಡಂ. ಹಳೇ ಬೋರ್ಡ್ ಪಾರ್ಟ್ ಯಾರು ನೋಡ್ತಾರೆ? ಚಿಕ್ಕದಾಗಿರಲಿ. ಆ ಸಿಸ್ಟಂ ವಾಪಸ್ ಕಳಿಸೋದೇನೂ ಬೇಡ, ನೀವೇ ಇಟ್ಕೊಳ್ಳಿ."

ಕತ್ತರಿಸಿದೆ. ಹನ್ನೊಂದು ನಿಮಿಷ. ಉಳಿದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ... ಫೋನಿನಲ್ಲಿ ಜಾಗವಿಲ್ಲವೆಂದು ಕತ್ತರಿಸಿದ ಭಾಗವನ್ನು ಅಳಿಸಿಯೂ ಹಾಕಿದೆ. ಎಲ್ಲಾ ಹಾಕಿದ್ರಾ ಟೀಚರಮ್ಮ ಎಂದು ಅಣ್ಣ ಕೇಳಿದಾಗ, ಹಾಕಿದ್ದೀನಿ ಅಣ್ಣ ಎಂದೆ. ಡೀಲರ್ ಸಿಸ್ಟಂ ವಾಪಸ್ ತರಿಸಿಕೊಂಡ ಎಂದೂ ಹೇಳಿದೆ. ಅದು ಆಗಲೇ ಬಂಗಾರಪೇಟೆಯ ನಮ್ಮ ಮನೆಯಲ್ಲಿ ನೀಲಿಯಾಗಿ ಉರಿಯುತ್ತಿತ್ತು.

ಮೂರು ತಿಂಗಳ ಮೇಲೆ ಒಂದು ಸಂಜೆ ನಾನು ಅಂಗಡಿಯಲ್ಲಿದ್ದಾಗಲೇ ಒಬ್ಬಾತ ಬಂದ. ಬಂಗಾರಪೇಟೆ ಹತ್ತಿರದ ಹಳ್ಳಿಯವನು, ಡೈರಿಗೆ ಹಾಲು ಹಾಕುವ ಮನೆಯವನು. ಎರಡು ಸೀಮೆಹಸು ಮಾರಿ, ನಾಲ್ಕು ಹಳೆಯ ಕಂಪ್ಯೂಟರ್ ಹೊಂದಿಸಿ, ಬಂಗಾರಪೇಟೆಯಲ್ಲಿ ಗೇಮಿಂಗ್ ಅಂಗಡಿ ತೆರೆದಿದ್ದ. ನಮ್ಮ ವಿಡಿಯೋ ನೋಡಿ ನಾಲ್ಕಕ್ಕೂ ಆ ಹೊಸ ಕಾರ್ಡನ್ನೇ ಹಾಕಿಸಿದ್ದ.

"ನಿನ್ ಮಾತ್ ನಂಬ್ಕಂಡು ತಂದೆ ಕಣಣ್ಣ. ಆಟ ನಿಂತ್ ನಿಂತ್ ಓಯ್ತದೆ. ಉಡುಗ್ರು ಬತ್ತಾರೆ, ಅತ್ ನಿಮಿಷ ಕೂತ್ಕತಾರೆ, ಬೈಕಂಡು ಎದ್ದೋಯ್ತಾರೆ. ಎಷ್ಟ್ ತಿಂದೆ ಏಳು ಕಮಿಷನ್ನು?"

ಅಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಹಳೆ ಬೋರ್ಡಿಗೆ ಹಾಕಬೇಡಿ ಅಂತ ಹೇಳಿದ್ದೀನಲ್ಲಪ್ಪಾ ಎಂದರು. ಆತ ಫೋನ್ ತೆಗೆದು ಅವರ ಮುಖದ ಮುಂದೆ ಹಿಡಿದ. ಅಣ್ಣ ಕನ್ನಡಕ ಹಾಕಿಕೊಂಡು ನಿಂತಲ್ಲೇ ಪೂರ್ತಿ ನೋಡಿದರು. ತಮ್ಮ ಮಾತು ಬರುತ್ತದೆಂದು ಕಾಯುತ್ತಿದ್ದರು. ವಿಡಿಯೋ ಮುಗಿಯಿತು. ಕನ್ನಡಕ ತೆಗೆದು ಅಂಗಿಯ ಜೇಬಿಗಿಟ್ಟರು. ನನ್ನ ಕಡೆ ನೋಡಲಿಲ್ಲ.

"ತಪ್ಪು ನಂದೇಪ್ಪಾ" ಎಂದರು. "ನಾನು ಸರಿಯಾಗಿ ಹೇಳಿಲ್ಲ."

ನಾನು ಅಲ್ಲೇ ಇದ್ದೆ, ಸ್ಟೂಲಿನ ಮೇಲೆ. ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮರುದಿನ ಅಣ್ಣ ಅಂಗಡಿಯಲ್ಲಿದ್ದ ನಾಲ್ಕು ಹಳೆಯ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿ ಹೋಗಿ, ಆತನ ಮಷೀನುಗಳಿಗೆ ತಾವೇ ಜೋಡಿಸಿ, ಆ ಹೊಸವನ್ನು ವಾಪಸ್ ತಂದರು. ಆದರೆ ಮಾತು ಅಷ್ಟರಲ್ಲಿ ಊರು ಸುತ್ತಿತ್ತು. ಅಣ್ಣ ಕಮಿಷನ್ ತಿಂದ ಎಂದು ಉರಿಗಾಂನಲ್ಲೂ ಹೇಳಿದರು, ಮಾರಿಕುಪ್ಪಂನಲ್ಲೂ ಹೇಳಿದರು. ನಾನು ಎರಡು ದಿನ ಬಿಟ್ಟು ಅಂಗಡಿಗೆ ಹೋದೆ. ಪರೀಕ್ಷೆಯ ಮೇಜಿನ ಮೇಲೆ ಈಗ ಮಾರಾಟಕ್ಕೆ ಮೊಬೈಲ್ ಕವರುಗಳನ್ನು ಹರಡಿದ್ದರು. "ಅಣ್ಣಾ, ಅದು..." ಎಂದೆ.

"ಏನ್ ಬೇಕಿತ್ತು ಮೇಡಂ?" ಎಂದರು.

ಅವರು ಬೈದಿದ್ದರೆ, ತೆಲುಗಿನಲ್ಲೇ ಬೈದಿದ್ದರೆ, ಅತ್ತು ಹಗುರಾಗುತ್ತಿದ್ದೆ. ಮೂರು ವರ್ಷ ಟೀಚರಮ್ಮ ಎಂದಿದ್ದ ಬಾಯಲ್ಲಿ ಆ ಮೇಡಂ ಎಂಬ ಮಾತು ಕೇಳಿದ ಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ವರ್ಷ ತಿರುಗುವುದರೊಳಗೆ ಬಂಗಾರಪೇಟೆಯಲ್ಲೇ ಕೆಲಸ ಸಿಕ್ಕಿತು. ಗಾಡಿಯ ದಾರಿಯೂ ತಪ್ಪಿತು.

ಅಣ್ಣ ತೀರಿಹೋದದ್ದು ನನಗೆ ಎರಡು ತಿಂಗಳು ತಡವಾಗಿ ತಿಳಿಯಿತು. ಆ ವಿಡಿಯೋದ ಕೆಳಗೇ ಯಾರೋ ಬರೆದಿದ್ದರು. ಎದೆನೋವಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಮಾರಿಕುಪ್ಪಂನಲ್ಲಿದ್ದ ಅವರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ನನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು. ಅಣ್ಣ ಮನೆಯಲ್ಲಿ ಏನೂ ಹೇಳಿರಲಿಲ್ಲ ಎಂಬುದು ಆ ಕಾಫಿಯಿಂದಲೇ ತಿಳಿಯಿತು.

"ಫೋಟೋ ಇದೆ, ಅವರ ವಾಯ್ಸ್ ನಮ್ಮತ್ರ ಎಲ್ಲೂ ಇಲ್ಲಮ್ಮ" ಎಂದರು ಆಕೆ. "ನಿನ್ನ ವಿಡಿಯೋದಲ್ಲಿ ಮಾತಾಡಿದ್ದಾರಂತಲ್ಲ. ನನ್ನ ಫೋನಲ್ಲಿ ಹಾಕ್ಕೊಡ್ತೀಯಾ?"

ಬೇರೆಯವನ್ನೂ ತೋರಿಸಿದೆ. ಆಕೆಗೆ ಹಿಡಿಸಿದ್ದು ನಾನು ಕತ್ತರಿಸಿದ್ದ ಆ ವಿಡಿಯೋ ಒಂದೇ. ಅದರಲ್ಲಿ ಅಣ್ಣ ನಗುತ್ತಾರೆ, ಮುಖ ಹತ್ತಿರದಿಂದ ಕಾಣುತ್ತದೆ. ಅದನ್ನೇ ದಿನಾ ನೋಡುತ್ತಾರೆಂದು ಆಮೇಲೆ ತಿಳಿಯಿತು. ಅವರು ಬಿಡಿಸಿ ಬಿಡಿಸಿ ಹೇಳಿದ್ದ ಆ ಹನ್ನೊಂದು ನಿಮಿಷ ಈಗ ಎಲ್ಲಿಯೂ ಇಲ್ಲ. ಉಳಿದದ್ದನ್ನು ಅಳಿಸಿಹಾಕೋಣವೆಂದರೆ ಆ ಹೆಂಗಸಿನ ಕೈಯಿಂದ ಏನನ್ನು ಕಿತ್ತುಕೊಂಡಂತಾಗುತ್ತದೆ ಎಂದು ನನಗೆ ಗೊತ್ತು.

ಹೋದ ವಾರ ಲ್ಯಾಬಿನಿಂದ ಮನೆಗೆ ಬಂದವಳು ಆ ವಿಡಿಯೋ ತೆರೆದು ಕೆಳಗೆ ಬರೆದೆ: ಹಳೆಯ ಬೋರ್ಡಿಗೆ ಈ ಕಾರ್ಡ್ ಹಾಕಬೇಡಿ. ಸ್ವಲ್ಪ ಹೊತ್ತಿಗೆ ಯಾರೋ ಅಪರಿಚಿತರು ಕೇಳಿದರು, ಹಾಗಾದರೆ ಆ ಅಣ್ಣ ಸುಳ್ಳು ಹೇಳಿದ್ದಾ? ಇಲ್ಲ, ಅವರು ಹೇಳಿದ್ದರು, ಕತ್ತರಿಸಿದವಳು ನಾನು ಎಂದು ಬರೆದೆ. ಅದನ್ನು ಇಬ್ಬರೋ ಮೂವರೋ ಓದಿರಬಹುದು.

ಅವರ ಹೆಂಡತಿಗೆ ಕನ್ನಡ ಓದಲು ಬಾರದು. ಎದುರು ಕೂತು ಬಾಯಿಬಿಟ್ಟೇ ಹೇಳಬೇಕು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ದಿನಾ ಗಾಡಿಯಿದೆ, ಅರ್ಧ ಮುಕ್ಕಾಲು ಗಂಟೆಯ ದಾರಿ... ಇನ್ನೂ ಹೋಗಿಲ್ಲ.